ಶಕ್ತಿ ಇದ್ದರೆ ಸಾಲದು, ನೆಲ ಹಿಡಿಯಬೇಕು



ಅಂಧೇರಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಕುರ್ಲಾ ಕಡೆ ಹೊರಡುವ ರಸ್ತೆ ನಮಗೆಲ್ಲ ಚಿರಪರಿಚಿತ. 2014ರ ಜೂನ್‌ನಿಂದ ತಲೆಯ ಮೇಲೆ ಮೆಟ್ರೋ ಸಲೀಸಾಗಿ ಓಡುತ್ತಿದೆ. ಕೆಳಗೆ ರಿಕ್ಷಾ, ಬೆಸ್ಟ್ ಬಸ್ಸು, ಟೆಂಪೋಗಳದ್ದು ಅದೇ ಆಮೆನಡಿಗೆ. ಈ ರಸ್ತೆಯಲ್ಲಿ ನಿಂತು ರೇಸಿನ ಮಾತು ಆಡಿದರೆ ಯಾರಾದರೂ ನಕ್ಕಾರು. ಆದರೆ ಇದೇ ದಾರಿಯ ಆ ತುದಿಯಲ್ಲಿ, ಕುರ್ಲಾದಲ್ಲಿ, ಒಂದು ಕಾಲಕ್ಕೆ ಡಾಜ್, ಪ್ಲಿಮತ್, ಡಿಸೋಟೊ ಎಂಬ ಅಮೆರಿಕನ್ ಕಾರುಗಳು ಜೋಡಣೆಯಾಗಿ ಹೊರಬರುತ್ತಿದ್ದವು. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ, ಕ್ರೈಸ್ಲರ್ ಜೊತೆಗಿನ ಒಪ್ಪಂದದ ಮೇಲೆ 1947ರಿಂದ ಈ ಕೆಲಸ ನಡೆಸಿತು. ಅತ್ತ ಶಿವ್ಡಿಯಲ್ಲಿ ಜನರಲ್ ಮೋಟರ್ಸ್ 1928ರಿಂದಲೇ ಷೆವರ್ಲೆ ಗಾಡಿಗಳನ್ನು ಜೋಡಿಸುತ್ತಿತ್ತು.

ಮುಂದೆ 1960ರ ದಶಕದಲ್ಲಿ ಇದೇ ಡಾಜ್, ಪ್ಲಿಮತ್, ಷೆವರ್ಲೆ ಹೆಸರುಗಳು ಅಮೆರಿಕದಲ್ಲಿ "ಮಸಲ್ ಕಾರು"ಗಳೆಂದು ಮೆರೆದವು. ಮಧ್ಯಮ ಗಾತ್ರದ ಮೈಯೊಳಗೆ ರಾಕ್ಷಸ ಗಾತ್ರದ ಇಂಜಿನ್ ಇಟ್ಟ ಗಾಡಿಗಳು ಅವು. ನಮ್ಮ ಮುಂಬಯಿಗೆ ಮಾತ್ರ ಅವು ಬರಲಿಲ್ಲ. ಬಿಡಿಭಾಗ ತರಿಸಿ ಬರೇ ಜೋಡಣೆ ಮಾಡುವ ಕಂಪನಿಗಳಿಗೆ ಇನ್ನು ಜಾಗವಿಲ್ಲ ಎಂದು ಸರಕಾರ 1953ರಲ್ಲಿ ತೀರ್ಮಾನಿಸಿತು. ಮರುವರ್ಷ ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿತು. ಕುರ್ಲಾದ ಕಾರ್ಖಾನೆ ಇಟಲಿಯ ಫಿಯೆಟ್ ಕಡೆ ಹೊರಳಿತು. ಆ ಫಿಯೆಟ್ಟೇ 1974ರಿಂದ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಗಿ, ಕಾಲಿ-ಪೀಲಿ ಟ್ಯಾಕ್ಸಿಯಾಗಿ, 2023ರ ಅಕ್ಟೋಬರ್ ಕೊನೆಯವರೆಗೂ ನಮ್ಮನ್ನು ಹೊತ್ತು ತಿರುಗಿತು.

ಒಂದು ಕಡೆ ಸುಮಾರು 40 ಅಶ್ವಶಕ್ತಿಯ ಪದ್ಮಿನಿ, ಇನ್ನೊಂದು ಕಡೆ 325 ಅಶ್ವಶಕ್ತಿಯ ಪಾಂಟಿಯಾಕ್. ಇವೆರಡನ್ನೂ ಒಂದೇ ಪಾಠ ಕಟ್ಟಿಹಾಕುತ್ತದೆ. ಆ ಪಾಠದ ಕಥೆಯೇ ಈ ಸಲದ ಬರಹ.

ರನ್‌ವೇ ಮೇಲೆ ಹುಟ್ಟಿದ ಆಟ

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರಿಗೆ ಹಳೆಯ ಕಾರುಗಳನ್ನು ಕಿತ್ತು ಕಟ್ಟುವ ಹುಚ್ಚು ಹಿಡಿಯಿತು. ಕೆಂಪು ದೀಪ ಹಸಿರಾದೊಡನೆ ಯಾರ ಗಾಡಿ ಮುಂದೆ ಎಂಬ ಪಂಥ ಊರ ಬೀದಿಗಳಲ್ಲೇ ನಡೆಯತೊಡಗಿತು. ಜನ ಬೇಸತ್ತರು, ಪೊಲೀಸರು ಬೆನ್ನು ಹತ್ತಿದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ರನ್‌ವೇಯಲ್ಲೇ ಓಟಕ್ಕೆ ಜಾಗ ಸಿಕ್ಕಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿ ನಿಯಮ, ಸುರಕ್ಷೆ, ವರ್ಗೀಕರಣ ಎಲ್ಲವನ್ನೂ ತಂದರು. ಹುಡುಗರನ್ನು ಬೀದಿಯಿಂದ ಎಬ್ಬಿಸಿ ಪಟ್ಟಿಗೆ ತರುವುದೇ ಅವರ ಮೂಲ ಉದ್ದೇಶವಾಗಿತ್ತು.

ಆಟ ಸರಳ. ಇಬ್ಬರು ಅಕ್ಕಪಕ್ಕ ನಿಲ್ಲಬೇಕು, ನೇರ ಓಡಬೇಕು, ತಿರುವಿಲ್ಲ. ದೂರ ಕಾಲು ಮೈಲಿ, ಅಂದರೆ 402 ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯ ಒಂದೂವರೆ ಪಟ್ಟು ಉದ್ದ. ಮೊದಲು ಬಾವುಟ ಬೀಸಿ ಓಟ ಬಿಡುತ್ತಿದ್ದರು. 1963ರಿಂದ "ಕ್ರಿಸ್ಮಸ್ ಟ್ರೀ" ಎಂಬ ದೀಪಗಳ ಕಂಬ ಬಂತು.

ಖಾಲಿ ರನ್‌ವೇ ಮೇಲೆ ಓಡಿಸುವುದು ನಮಗೂ ಹೊಸತಲ್ಲ. ಮದರಾಸಿನ ಬಳಿಯ ಶೋಲವರಂ ಯುದ್ಧಕಾಲದ ವಿಮಾನಪಟ್ಟಿ. ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ನಿಜವಾದ ಟ್ರ್ಯಾಕ್ ಬರುವ ತನಕ ದಕ್ಷಿಣದ ರೇಸುಗಳಿಗೆ ಅದೇ ಅಂಗಳವಾಗಿತ್ತು.

ಕಂಬಳ ಕಂಡವರಿಗೆ ವಿವರಿಸಬೇಕಿಲ್ಲ

ಕರಾವಳಿಯಿಂದ ಬಂದು ಅಂಧೇರಿ, ಸಾಂತಾಕ್ರೂಜ್, ಜೋಗೇಶ್ವರಿಯಲ್ಲಿ ನೆಲೆಸಿದ ನಮ್ಮವರಿಗೆ ಈ ಆಟ ಹೊಸದಾಗಿ ಕಾಣಲಾರದು. ಜೋಡುಕರೆ ಕಂಬಳವೂ ಎರಡು ಕರೆಗಳ ನೇರ ಓಟವೇ. ಗಂತಿನಿಂದ ಬಿಟ್ಟ ಕೋಣಗಳು ಮಂಜೊಟ್ಟಿ ಮುಟ್ಟಬೇಕು, ಅಷ್ಟೇ. ಈಗ ಅಲ್ಲಿಯೂ ಲೇಸರ್ ಕಿರಣದಿಂದ ಸಮಯ ಅಳೆಯುತ್ತಾರೆ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶದ ಗಮನ ಸೆಳೆದದ್ದು ನೆನಪಿದೆಯಲ್ಲ? ಸರಾಸರಿ ಗಂಟೆಗೆ ಸುಮಾರು 38 ಕಿಲೋಮೀಟರ್ ಆಯಿತು.

ಕೋಣದ ಯಜಮಾನರನ್ನು ಕೇಳಿ ನೋಡಿ. ಬರೀ ಕೊಬ್ಬಿದ ಕೋಣ ಗೆಲ್ಲುವುದಿಲ್ಲ ಎನ್ನುತ್ತಾರೆ. ಗೊರಸು ಕೆಸರಿನ ಅಡಿಯ ಗಟ್ಟಿ ನೆಲಕ್ಕೆ ಊರಬೇಕು, ಊರಿದ್ದು ಜಾರಬಾರದು, ಕರೆಯ ಮಣ್ಣು-ನೀರಿನ ಹದ ಸರಿಯಿರಬೇಕು. ಕಾರಿನ ಭಾಷೆಯಲ್ಲಿ ಇದನ್ನೇ ಟ್ರ್ಯಾಕ್ಷನ್ ಎನ್ನುತ್ತಾರೆ. ನಾವು ಹಿಡಿತ ಎನ್ನೋಣ.

ಗೇರಿನ ಗುಣಾಕಾರ

ಗೇರು ಎಂದರೆ ಗುಣಾಕಾರದ ಮಗ್ಗಿ. ಇಂಜಿನ್ನಿನ ತಿರುಚು ಬಲವನ್ನು ಗೇರ್‌ಬಾಕ್ಸ್ ಒಮ್ಮೆ ಹೆಚ್ಚಿಸುತ್ತದೆ, ಹಿಂದಿನ ಆಕ್ಸೆಲ್ಲಿನ ಹಲ್ಲುಚಕ್ರಗಳು ಇನ್ನೊಮ್ಮೆ ಹೆಚ್ಚಿಸುತ್ತವೆ. ಮೊದಲ ಗೇರು 2.5, ಆಕ್ಸೆಲ್ 4 ಎಂದಿಟ್ಟುಕೊಳ್ಳಿ. ಒಟ್ಟು 10 ಪಟ್ಟು. ಆರು ಜನ ಕೂತು ತಲೆಯ ಮೇಲೆ ಟ್ರಂಕು ಹೊತ್ತ ಪದ್ಮಿನಿ, ಸೇತುವೆಯ ಏರಿನಲ್ಲಿ ಗೊಣಗುತ್ತಲೇ ಮೇಲೆ ಹತ್ತುತ್ತಿದ್ದದ್ದು ಈ ಗುಣಾಕಾರದ ಕೃಪೆಯಿಂದ.

ಈಗ ಮಸಲ್ ಕಾರಿನ ಲೆಕ್ಕ ಹಾಕೋಣ. 1600 ಕಿಲೋ ತೂಕದ ಗಾಡಿ, ಹಿಂದಿನ ಚಕ್ರಗಳ ಮೇಲೆ 720 ಕಿಲೋ. ಇಂಜಿನ್ನಿನ ಬಲ 40 ಕಿಲೋ-ಮೀಟರ್ ತಿರುಚು. ಹತ್ತು ಪಟ್ಟಾದರೆ 400. ಚಕ್ರದ ಅರ್ಧವ್ಯಾಸ ಒಂದು ಮೀಟರಿನ ಮೂರನೇ ಒಂದು ಭಾಗ. ಆದ್ದರಿಂದ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 1200 ಕಿಲೋ. ಆದರೆ ನೆಲ ಅಷ್ಟು ತಡೆದುಕೊಳ್ಳುತ್ತದೆಯೇ? ಗಾಡಿ ಮುಂದಕ್ಕೆ ಹಾರುವಾಗ ಮೂತಿ ಎದ್ದು ತೂಕ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಹಿಂದಿನ ಚಕ್ರಗಳ ಮೇಲಿನ ಭಾರ 840 ಕಿಲೋ ಆಯಿತೆನ್ನಿ. ಒಣ ಡಾಂಬರಿನಲ್ಲಿ ರಬ್ಬರು ಅದರ ಹತ್ತರಲ್ಲಿ ಎಂಟು ಪಾಲು ಹಿಡಿದೀತು. ಅಂದರೆ 670 ಕಿಲೋ. ಉಳಿದ ಐನೂರು ಚಿಲ್ಲರೆ ಎಲ್ಲಿ ಹೋಯಿತು? ಹೊಗೆ ಮತ್ತು ಕಿರುಚಾಟವಾಗಿ ಹೋಯಿತು! ಜಾರುವ ಟೈರಿನ ಹಿಡಿತ ಊರಿದ ಟೈರಿಗಿಂತ ಕಡಿಮೆ. ಆದ್ದರಿಂದ ಒಮ್ಮೆ ಜಾರಿತೆಂದರೆ 670 ಕೂಡ ದಕ್ಕುವುದಿಲ್ಲ.

ಪದ್ಮಿನಿಗೆ ಗೇರು ಬೇಕಾದದ್ದು ಶಕ್ತಿ ಕಡಿಮೆಯಾಗಿ, ಮಸಲ್ ಕಾರಿಗೆ ಗೇರಿನ ಜಾಣ್ಮೆ ಬೇಕಾದದ್ದು ಶಕ್ತಿ ಹೆಚ್ಚಾಗಿ. ಇದೇ ಇಲ್ಲಿನ ತಮಾಷೆ.

ಹಾಗಾದರೆ ಆಕ್ಸೆಲ್ ಅನುಪಾತ ಕಡಿಮೆ ಇಟ್ಟರಾಯಿತಲ್ಲ? ಅಲ್ಲಿಯೂ ತೊಡಕಿದೆ. ಅದೇ ಚಕ್ರಕ್ಕೆ 4.56 ಅನುಪಾತದ ಆಕ್ಸೆಲ್ ಹಾಕಿ, ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ, ನೇರ ಟಾಪ್ ಗೇರಿನಲ್ಲಿ ವೇಗ ಗಂಟೆಗೆ ಸುಮಾರು 165 ಕಿಲೋಮೀಟರ್. ಆ ಕಾಲದ ಒಳ್ಳೆಯ ಮಸಲ್ ಕಾರು ಕಾಲು ಮೈಲಿಯ ಕೊನೆಗೆ ಮುಟ್ಟುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಗೆರೆ ದಾಟುವಾಗ ಇಂಜಿನ್ನಿನ ದಮ್ಮೂ ಸರಿಯಾಗಿ ಮುಗಿದಿರುತ್ತದೆ. 3.08ರ ಆಕ್ಸೆಲ್ ಹಾಕಿದರೆ ಟಾಪ್ ಗೇರಿನ ಮಿತಿ 240ರ ಮೇಲೆ ಹೋಗುತ್ತದೆ. ಹೆದ್ದಾರಿಯಲ್ಲಿ ಹಾಯಾಗಿ ಹೋಗಲು, ಪೆಟ್ರೋಲ್ ಉಳಿಸಲು ಅದು ಚೆನ್ನ. ಆದರೆ 402 ಮೀಟರಿನಲ್ಲಿ ಆ ಟಾಪ್ ಗೇರು ಉಪಯೋಗಕ್ಕೇ ಬರುವುದಿಲ್ಲ. ಕೊನೆಯ ವೇಗಕ್ಕೆ ಒಂದು ಗೇರು, ಮೊದಲ ಹೆಜ್ಜೆಗೆ ಇನ್ನೊಂದು. ಎರಡನ್ನೂ ಹೊಂದಿಸುವುದೇ ವಿದ್ಯೆ.

ಸೋಲಿನಿಂದ ಕಲಿತವರು

1964ರ ಪಾಂಟಿಯಾಕ್ ಜಿಟಿಓ ಈ ಯುಗಕ್ಕೆ ನಾಂದಿ ಹಾಡಿತು. ಅದರ ಇಂಜಿನ್ 6.4 ಲೀಟರ್. ಪದ್ಮಿನಿಯದು 1.1 ಲೀಟರಿನೊಳಗೆ! ಆದರೆ ಅಷ್ಟು ಶಕ್ತಿಯ ಕೆಳಗೆ ಆ ಕಾಲದ ಕಿರಿದಾದ ಸಾಮಾನ್ಯ ಟೈರುಗಳು. ಗಿರಾಕಿಗಳು ಅಶ್ವಶಕ್ತಿಯ ಅಂಕಿಗೆ ಮರುಳಾದರು. ಓಟಗಾರರು ಮಾತ್ರ ಅಡಿಯತ್ತ ನೋಡಿದರು.

ಸಾಮಾನ್ಯ ಡಿಫರೆನ್ಷಿಯಲ್ಲಿನ ದೋಷವೇನೆಂದರೆ, ಒಂದು ಚಕ್ರ ಜಾರಿದರೆ ಬಲವೆಲ್ಲ ಜಾರುವ ಚಕ್ರದಲ್ಲೇ ಪೋಲಾಗುತ್ತದೆ. ಅದಕ್ಕೆ ಎರಡೂ ಚಕ್ರಗಳನ್ನು ಜೊತೆಗೆ ತಿರುಗಿಸುವ "ಪಾಸಿಟ್ರ್ಯಾಕ್ಷನ್" ಎಂಬ ಏರ್ಪಾಡನ್ನು ಷೆವರ್ಲೆ 1957ರಲ್ಲೇ ತಂದಿತ್ತು. ಉಳಿದವರೂ ಬೇರೆ ಬೇರೆ ಹೆಸರಲ್ಲಿ ಅದನ್ನು ಕೊಟ್ಟರು. ಫೋರ್ಡ್ ಕಂಪನಿ 1964ರಲ್ಲಿ ಓಟಕ್ಕೆಂದೇ ಸುಮಾರು ನೂರರಷ್ಟು "ಥಂಡರ್‌ಬೋಲ್ಟ್" ಗಾಡಿ ಮಾಡಿತು. ಅದರಲ್ಲಿ ಭಾರೀ ಬ್ಯಾಟರಿಯನ್ನು ಇಂಜಿನ್ ಪಕ್ಕದಿಂದ ಎತ್ತಿ ಹಿಂದಿನ ಡಿಕ್ಕಿಗೆ ಸೇರಿಸಿದರು. ಹಿಂದಿನ ಚಕ್ರದ ಮೇಲೆ ಒಂದಿಷ್ಟು ಭಾರ ಕೂರಲಿ ಎಂದು. 1965ರಲ್ಲಿ ಕ್ರೈಸ್ಲರಿನವರು ಇನ್ನೂ ಮುಂದೆ ಹೋಗಿ, ಆಕ್ಸೆಲ್ಲುಗಳನ್ನೇ ಮುಂದಕ್ಕೆ ಸರಿಸಿ, ನೋಡಲು ವಿಚಿತ್ರವಾದ ಪ್ಲಿಮತ್, ಡಾಜ್‌ಗಳನ್ನು ಮಾಡಿದರು. ಗೀರುಗಳಿಲ್ಲದ ನುಣುಪು "ಸ್ಲಿಕ್" ಟೈರು ಬಂತು. ಅದನ್ನು ನಿಂತಲ್ಲೇ ತಿರುಗಿಸಿ ಕಾಯಿಸಿ ಅಂಟಾಗಿಸುವ ಕ್ರಮವೂ ಬಂತು. ಪ್ರೇಕ್ಷಕರಿಗೆ ಆ ಹೊಗೆ ಮೋಜು, ಓಟಗಾರನಿಗೆ ಅದು ಪೂರ್ವಸಿದ್ಧತೆ. ಮೊದಲ ಇಪ್ಪತ್ತು ಮೀಟರಿನಲ್ಲಿ ಉಳಿಸಿದ ಕಣ್ಣೆವೆಯಷ್ಟು ಸಮಯ ಕೊನೆಯ ಗೆರೆಗೆ ಬರುವಾಗ ಇನ್ನಷ್ಟು ಬೆಳೆದಿರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಈ ವಿದ್ಯೆಗೆ ರಕ್ತದ ಬೆಲೆಯೂ ಇದೆ. ಹಿಡಿತ ಹೆಚ್ಚಿದಂತೆ ಟೈರು ಜಾರುವುದು ನಿಂತಿತು. ಆಗ ಆ ಬಲದ ಪೆಟ್ಟು ಬಿದ್ದದ್ದು ಗೇರ್‌ಬಾಕ್ಸ್, ಕ್ಲಚ್ಚು, ಆಕ್ಸೆಲ್ಲುಗಳ ಮೇಲೆ. 1970ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಪಟ್ಟಿಯಲ್ಲಿ, ಮಸಲ್ ಕಾರುಗಳಿಗಿಂತ ಎಷ್ಟೋ ಪಟ್ಟು ಬಲದ ಡ್ರ್ಯಾಗ್‌ಸ್ಟರ್ ಓಡಿಸುತ್ತಿದ್ದ ಡಾನ್ ಗಾರ್ಲಿಟ್ಸ್‌ರ ಗಾಡಿಯ ಗೇರ್‌ಬಾಕ್ಸ್ ಸಿಡಿಯಿತು. ಇಂಜಿನ್ ಅವರ ಮುಂದಿತ್ತು, ಗೇರ್‌ಬಾಕ್ಸ್ ಕಾಲ ಬಳಿಯೇ. ಬಲಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಿಂದ ಎದ್ದು ಬಂದವರು ಇಂಜಿನ್ನನ್ನೇ ಚಾಲಕನ ಹಿಂದಕ್ಕೆ ಹಾಕಿದ ಗಾಡಿ ಕಟ್ಟಿ, 1971ರಲ್ಲಿ ಗೆದ್ದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ದಾರಿ ಹಿಡಿದರು. ಒಬ್ಬರ ಪಾದ ಎಷ್ಟೋ ಜನರ ಜೀವ ಉಳಿಸಿತು.

ನಮ್ಮ ರಸ್ತೆಗೆ ಬಂದರೆ

ಮುಂಬಯಿಯ ಸುತ್ತಲಿನವರಿಗೂ ಕೊನೆಗೆ ಒಂದು ರನ್‌ವೇ ಒದಗಿತು. 2010ರ ದಶಕದಲ್ಲಿ ಲೋಣಾವಳದ ಆಚೆ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ "ವ್ಯಾಲಿ ರನ್" ಎಂಬ ಡ್ರ್ಯಾಗ್ ಓಟಗಳು ನಡೆದವು. 2016ರಲ್ಲಿ ಫೋರ್ಡ್ ಮಸ್ಟ್ಯಾಂಗ್ ಐದು ಲೀಟರಿನ ವಿ8 ಇಂಜಿನ್ನಿನೊಂದಿಗೆ ಅಧಿಕೃತವಾಗಿ ಭಾರತಕ್ಕೂ ಬಂತು. ಆ ಹೊತ್ತಿಗೆ ಚಕ್ರ ಜಾರಿದ್ದನ್ನು ಗಣಕವೇ ಗ್ರಹಿಸಿ ಇಂಜಿನ್ನಿನ ಬಲ ತಗ್ಗಿಸುವ ಕಾಲ ಬಂದಿತ್ತು. ಇಂದಿನ ವಿದ್ಯುತ್ ಕಾರುಗಳಲ್ಲಂತೂ ಬಹುಪಾಲಿಗೆ ಬದಲಿಸುವ ಗೇರೇ ಇಲ್ಲ. ನಿಂತಲ್ಲಿಂದಲೇ ಮೋಟಾರಿಗೆ ಪೂರ್ಣ ಬಲ. ಆದರೂ ನೆಲದ ಲೆಕ್ಕ ಬದಲಾಗಿಲ್ಲ. ನಾಲ್ಕು ಅಂಗೈಯಷ್ಟಗಲದ ರಬ್ಬರು ಹಿಡಿದಷ್ಟೇ ವೇಗ, ಹಿಡಿದಷ್ಟೇ ಬ್ರೇಕು.

ಈ ಮಾತು ಯಾಕೆ ಮುಖ್ಯವೆಂದರೆ, ಬಾಂದ್ರಾ ರೆಕ್ಲಮೇಷನ್ನಿನಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ರಾತ್ರಿ ಹೊತ್ತು ಬೈಕು ಓಡಿಸಿ ಪಂಥ ಕಟ್ಟುವ ಹುಡುಗರನ್ನು ಪೊಲೀಸರು ಹಿಡಿದ ಸುದ್ದಿ ನಾವು ಮತ್ತೆ ಮತ್ತೆ ಓದುತ್ತೇವೆ. ಅವರ ಬೈಕಿನಲ್ಲಿ ಶಕ್ತಿಗೆ ಕೊರತೆಯಿಲ್ಲ. ಕೊರತೆ ಇರುವುದು ಅಡಿಯ ನೆಲದಲ್ಲಿ. ಪಟ್ಟಿಯಲ್ಲಿ ಗುಡಿಸಿ, ಅಂಟು ಬಳಿದು, ಟೈರು ಕಾಯಿಸಿ ಗಳಿಸುವ ಹಿಡಿತ ನಮ್ಮ ಹೈವೇಯಲ್ಲಿ ಎಲ್ಲಿಂದ ಬರಬೇಕು? ಸೇತುವೆಯ ಕಬ್ಬಿಣದ ಸಂದು, ಟ್ಯಾಂಕರ್ ಚೆಲ್ಲಿದ ಡೀಸೆಲ್, ಮೃಗದ ಮೊದಲ ಮಳೆಗೆ ಎಣ್ಣೆಯಂತೆ ಹೊಳೆಯುವ ಡಾಂಬರು, ಇವಿಷ್ಟೂ ಸೇರಿದರೆ ಹತ್ತರಲ್ಲಿ ಎಂಟು ಇದ್ದ ಹಿಡಿತ ನಾಲ್ಕಕ್ಕೋ ಮೂರಕ್ಕೋ ಇಳಿಯುತ್ತದೆ. ಅಲ್ಲಿ ಪಕ್ಕದ ಪಟ್ಟಿಯಲ್ಲಿ ಇರುವುದು ಎದುರಾಳಿಯಲ್ಲ, ಪಾಳಿ ಮುಗಿಸಿ ಮನೆಗೆ ಹೊರಟ ಹೋಟೆಲ್ ಹುಡುಗ.

ಕ್ಯಾಲಿಫೋರ್ನಿಯಾದವರು ಎಪ್ಪತ್ತೈದು ವರ್ಷದ ಹಿಂದೆ ಹುಡುಗರಿಗೆ ಬೈಯುವುದರ ಜೊತೆಗೆ ಒಂದು ರನ್‌ವೇಯನ್ನೂ ಕೊಟ್ಟರು. ನಮ್ಮ ನಗರಕ್ಕೂ ಅಂಥದೊಂದು ಕಾಯಂ ಜಾಗ ಬೇಕು. ಅದು ಸಿಗುವ ತನಕ ಮನೆಯಲ್ಲಿ ಹೊಸ ಬೈಕು ಕೊಂಡ ಮಗನೋ ತಮ್ಮನೋ ಇದ್ದರೆ, ಎಷ್ಟು ಸಿಸಿ ಎಂದು ಕೇಳುವ ಮೊದಲು ಟೈರು ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿ.