ಹಳೇ ಕಾರು, ಹೊಸ ಬಿಡಿಭಾಗ: ಅದೇ ಕಾರಾ?

ಲಂಡನ್, 1990. ಕೋರ್ಟಿನಲ್ಲಿ ಒಂದು ಕಾರಿನ ಕೇಸು. ಬೆಂಟ್ಲಿ ಸ್ಪೀಡ್ ಸಿಕ್ಸ್, ಎಲ್ಲರೂ ಕರೆಯೋದು ‘ಓಲ್ಡ್ ನಂಬರ್ ಒನ್’ ಅಂತ. 1929, 1930 ಎರಡೂ ವರ್ಷ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸ್ ಗೆದ್ದ ಹೆಸರು ಅದು. ಮಾಲೀಕ 1 ಕೋಟಿ ಪೌಂಡಿಗೆ ಮಾರೋಕೆ ಒಪ್ಪಂದ ಮಾಡ್ಕೊಂಡಿದ್ದ. ಕೊಳ್ಳೋ ಕಂಪನಿ ‘ಇದು ಆ ಕಾರೇ ಅಲ್ಲ’ ಅಂತ ಹಿಂದೆ ಸರೀತು.

ಅವರ ಮಾತಲ್ಲೂ ಹುರುಳಿತ್ತು ಕಣ್ರೋ. ರೇಸಿಂದ ರೇಸಿಗೆ ಬಿಡಿಭಾಗ ಬದಲಾಗ್ತಾನೇ ಬಂದಿತ್ತು. 1932ರಲ್ಲಿ 8 ಲೀಟರ್ ಎಂಜಿನ್ ಕೂರಿಸಿದ್ರು. ಅದೇ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಕಾರು ತಿರುವಿನ ಮೇಲಂಚು ದಾಟಿ ಹೊರಗೆ ಹಾರಿತು, ಓಡಿಸ್ತಿದ್ದ ಕ್ಲೈವ್ ಡನ್‌ಫೀ ಸತ್ತ. ಆಮೇಲೆ ಬಾಡಿನೇ ಬದಲಿಸಿ ಮತ್ತೆ ಕಟ್ಟಿದ್ರು. ಕೋರ್ಟ್ ಒಂದೊಂದೇ ಎಣಿಸಿದಾಗ 1930ರ ಕಾರಿನದು ಅಂತ ಉಳಿದಿದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸ್ ಕೇಸಿಂಗ್, ಸ್ಟೀರಿಂಗ್ ಕಾಲಮ್. ಅಷ್ಟೇ! 1929ರದ್ದು ಹೆಚ್ಚುಕಮ್ಮಿ ಏನೂ ಇಲ್ಲ.

ಅಕೌಂಟ್ಸ್ ಕ್ಲಾಸಲ್ಲಿ ‘ಇದು ರಿಪೇರಿ ಖರ್ಚಾ, ಹೊಸ ಆಸ್ತಿನಾ’ ಅಂತ ತಲೆ ಕೆಡಿಸ್ಕೋತೀವಲ್ಲ, ಹಾಗೇ ಇದೂ. ನಾನಂತೂ ಕಂಪನಿನೇ ಗೆಲ್ಲುತ್ತೆ ಅಂದ್ಕೊಂಡಿದ್ದೆ.

ಜಡ್ಜ್ ಆಟನ್ ತೀರ್ಪು ಕೊಟ್ಟಿದ್ದು ಮಾಲೀಕನ ಪರ. ಭಾಗಗಳು ಹೋದವು, ಬಂದವು. ಆದ್ರೆ ಕಾರು ಯಾವತ್ತೂ ಇಲ್ಲವಾಗ್ಲಿಲ್ಲ. ಅದರ ಜಾಗಕ್ಕೆ ಬೇರೆ ಕಾರು ಬಂದು ಆ ಹೆಸರು ಹೇಳ್ಕೊಳ್ಳಲೂ ಇಲ್ಲ. ಹಾಗಾಗಿ ಇದೇ ಓಲ್ಡ್ ನಂಬರ್ ಒನ್, ಒಪ್ಪಂದ ಒಪ್ಪಂದವೇ.