ಚಿತ್ರದುರ್ಗ ಸೀಮೆಯ ಬಿಸಿಲು ಮತ್ತು ಉಷ್ಣಾಂಶ

ಸೂರ್ಯನ ವಿಕಿರಣ ಭೂಮಿಯನ್ನು ಕಾಯಿಸುವ ಬಗೆ ಎಲ್ಲೆಡೆ ಒಂದೇ. ಆದರೆ ಆ ಕಾವು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಮೋಡ, ಮಣ್ಣು, ನೀರು, ಎತ್ತರ, ಗಾಳಿಗಳು ತೀರ್ಮಾನಿಸುತ್ತವೆ. ಇದನ್ನು ಅರಿಯಲು ಮಧ್ಯ ಕರ್ನಾಟಕದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ಒಳ್ಳೆಯ ಉದಾಹರಣೆ. ನಾಲ್ಕೂ ಊರುಗಳು ಸುಮಾರು 13.8ರಿಂದ 14.2 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ, ಸಮುದ್ರಮಟ್ಟದಿಂದ 600ರಿಂದ 750 ಮೀಟರ್ ಎತ್ತರದಲ್ಲಿವೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಇವು ಮಧ್ಯ ಒಣ ವಲಯಕ್ಕೆ ಸೇರುತ್ತವೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನಡುನೆತ್ತಿಗೆ ಬರುತ್ತಾನೆ: ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಎರಡು ಸಲವೂ ಬಿಸಿಲು ಬೀಳುವ ಕೋನ ಒಂದೇ. ಆದರೂ ಚಿತ್ರದುರ್ಗದಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ 36 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಆಗಸ್ಟ್‌ನಲ್ಲಿ 28ರ ಆಸುಪಾಸಿಗೆ ಇಳಿಯುತ್ತದೆ.

ಭೂಮಿಯ ಅಕ್ಷ 23.5 ಡಿಗ್ರಿಯಷ್ಟು ವಾಲಿರುವುದರಿಂದ ಸೂರ್ಯನ ನಡುಹಗಲಿನ ಎತ್ತರ ವರ್ಷವಿಡೀ ಬದಲಾಗುತ್ತದೆ. ಉತ್ತರಕ್ಕೆ ಸರಿಯುವ ಸೂರ್ಯ ಏಪ್ರಿಲ್ 27ರ ಸುಮಾರಿಗೆ ಹೊಸದುರ್ಗದ ನೆತ್ತಿಗೆ, ಆಮೇಲೆ ಹಿರಿಯೂರು, ಹೊಳಲ್ಕೆರೆಗಳ ನೆತ್ತಿಗೆ ಬಂದು, 28 ಅಥವಾ 29ಕ್ಕೆ ಚಿತ್ರದುರ್ಗವನ್ನು ದಾಟುತ್ತಾನೆ. ಆಗಸ್ಟ್ 14ರಿಂದ 16ರೊಳಗೆ ಇದೇ ದಾರಿಯಲ್ಲಿ ತೆಂಕಣಕ್ಕೆ ಮರಳುತ್ತಾನೆ. ಆ ದಿನಗಳಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ನಡುಹಗಲಿಗೆ ಬುಡದಲ್ಲೇ ಅಡಗುತ್ತದೆ. ಗಡಿಯಾರದಲ್ಲಿ ಮಾತ್ರ ಆಗ ಹನ್ನೆರಡಾಗಿರುವುದಿಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಚಿತ್ರದುರ್ಗ ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಇಲ್ಲಿನ ನಿಜವಾದ ಮಧ್ಯಾಹ್ನ 12 ಗಂಟೆ 22 ನಿಮಿಷದ ಹೊತ್ತಿಗೆ ಬರುತ್ತದೆ.

ಈ ಸೀಮೆಯ ರೈತರು ಮಳೆಗಳನ್ನು ಗುರುತಿಸುವುದೂ ಸೂರ್ಯನ ಲೆಕ್ಕದಿಂದಲೇ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಹೆಸರಿಟ್ಟ ಒಂದೊಂದು ಮಳೆಯೂ ಸೂರ್ಯ ಆಯಾ ನಕ್ಷತ್ರದಲ್ಲಿರುವ 13–14 ದಿನಗಳ ಅವಧಿ. ಭರಣಿ ಮಳೆ ಹುಟ್ಟುವುದು ಏಪ್ರಿಲ್ 27ರ ಸುಮಾರಿಗೆ, ಅಂದರೆ ಸೂರ್ಯ ನೆತ್ತಿಗೇರುವ ದಿನಗಳಲ್ಲೇ. ಎರಡನೆಯ ಸಲ ನೆತ್ತಿಗೆ ಬರುವಾಗ ಆಶ್ಲೇಷ ಮಳೆ ಮುಗಿಯುತ್ತಿರುತ್ತದೆ. ನಮ್ಮ ಹಳ್ಳಿಗಳ ಈ ಲೆಕ್ಕಾಚಾರವನ್ನು ಬರೀ ನಂಬಿಕೆಯೆಂದು ತಳ್ಳಿಹಾಕುವವರು ಅದರ ಹಿಂದಿರುವ ಸೌರಮಾನವನ್ನು ಗಮನಿಸಬೇಕು.

ಡಿಸೆಂಬರ್ 21–22ರಂದು ಚಿತ್ರದುರ್ಗದಲ್ಲಿ ನಡುಹಗಲಿನ ಸೂರ್ಯ ತೆಂಕಣ ದಿಗಂತದಿಂದ ಸುಮಾರು 52 ಡಿಗ್ರಿ ಮಾತ್ರ ಮೇಲಿರುತ್ತಾನೆ. ನೇರವಾಗಿ ಬಿದ್ದರೆ ಒಂದು ಚದರ ಮೀಟರನ್ನು ತುಂಬುವ ಬಿಸಿಲು ಅಂದು ಓರೆಯಾಗಿ ಬಿದ್ದು ಸುಮಾರು 1.26 ಚದರ ಮೀಟರಿಗೆ ಹರಡಿಕೊಳ್ಳುತ್ತದೆ. ಹಗಲೂ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿಗೆ ಕುಗ್ಗುತ್ತದೆ. ಜೂನ್‌ನಲ್ಲಿ ಅದು ಹದಿಮೂರು ಗಂಟೆಗೆ ಹತ್ತಿರ. ದೆಹಲಿಯಲ್ಲಿ ಡಿಸೆಂಬರಿನ ಸೂರ್ಯ 38 ಡಿಗ್ರಿಯಷ್ಟೇ ಏರುತ್ತಾನೆ. ಅಲ್ಲಿನ ಕೊರೆಯುವ ಚಳಿ ಇಲ್ಲಿಲ್ಲದಿರಲು ಮುಖ್ಯ ಕಾರಣ ಇದೇ. ಸೂರ್ಯ ಹತ್ತಿರ ಬಂದುದರಿಂದ ಬೇಸಿಗೆ ಆಗುತ್ತದೆ ಎಂಬ ತಿಳಿವಳಿಕೆ ಇನ್ನೂ ಇದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ನಾವು ಹೊದ್ದು ಮಲಗುವ ದಿನಗಳಲ್ಲಿ.

ವಾಯುಮಂಡಲದ ಅಂಚಿನಲ್ಲಿ, ಕಿರಣಗಳಿಗೆ ನೇರವಾಗಿ ಒಡ್ಡಿದ ಪ್ರತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಸೌರಶಕ್ತಿ ತಲಪುತ್ತದೆ. ಭೂಮಿಗೆ ಬರುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 30ರಷ್ಟನ್ನು ಮೋಡ, ಹಿಮ, ಮರಳು, ಗಾಳಿಯ ಕಣಗಳು ಹಾಗೇ ಹಿಂದಕ್ಕೆ ಕಳಿಸುತ್ತವೆ. ಉಳಿದುದರಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಳ್ಳುವುದು ನೆಲ ಮತ್ತು ನೀರು. ಗಾಳಿ ಬಿಸಿಲಿನಿಂದ ನೇರವಾಗಿ ಕಾಯುವುದು ಕಡಿಮೆ. ಅದನ್ನು ಕಾಯಿಸುವುದು ಕೆಳಗಿನ ನೆಲ. ಬಿಸಿಲು 12.22ಕ್ಕೆ ತುತ್ತತುದಿ ಮುಟ್ಟಿದರೂ ಧಗೆ ಮಧ್ಯಾಹ್ನ ಮೂರರ ಹೊತ್ತಿಗೆ ಹೆಚ್ಚುವುದು ಇದರಿಂದಲೇ: ಅಲ್ಲಿಯವರೆಗೂ ನೆಲ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಶಕ್ತಿಯನ್ನು ಪಡೆಯುತ್ತಲೇ ಇರುತ್ತದೆ. ಪತ್ರಿಕೆಯಲ್ಲಿ ಬರುವ ಉಷ್ಣಾಂಶ, ನೆಲದಿಂದ ಎದೆಮಟ್ಟದ ಎತ್ತರದಲ್ಲಿ ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆದ ನೆರಳಿನ ಗಾಳಿಯದು. ಅದು 37 ಎಂದು ತೋರಿಸುವಾಗ ಹೊಲದ ಬರಿ ಮಣ್ಣು 50 ಡಿಗ್ರಿ ಮೀರಿರಬಹುದು.

ದುರ್ಗದ ಏಳುಸುತ್ತಿನ ಕೋಟೆಯಲ್ಲಿ ಇದನ್ನು ಕೈಯಿಂದ ಮುಟ್ಟಿಯೇ ತಿಳಿಯಬಹುದು. ಏಪ್ರಿಲ್‌ನ ಇಳಿಹೊತ್ತಿನಲ್ಲಿ ಪಡುವಣಕ್ಕೆ ಮುಖಮಾಡಿದ ಬಂಡೆಯ ಮೇಲೆ ಅಂಗೈ ಊರಲಾಗುವುದಿಲ್ಲ. ಅದೇ ಬಂಡೆಯ ಮೂಡಣ ಮಗ್ಗುಲು ಅಷ್ಟರಲ್ಲಿ ತಣಿಯತೊಡಗಿರುತ್ತದೆ. ಸೂರ್ಯ ಮುಳುಗಿದ ಮೇಲೂ ಬಂಡೆಗಳ ಸಂದಿಯಲ್ಲಿ ಝಳ ಹೊಡೆಯುತ್ತಲೇ ಇರುತ್ತದೆ. ಕಲ್ಲು ಹಗಲಿಡೀ ಹೀರಿದ್ದನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಬಿಡುವ ಹೊತ್ತು ಅದು. ಕೋಟೆಯ ತಪ್ಪಲಿನ ಚಂದ್ರವಳ್ಳಿಯಲ್ಲಿ, ಅಂಕಲಿ ಮಠದ ನೆಲದಡಿಯ ಗವಿಗಳಿಗೆ ಇಳಿದರೆ ಈ ಏರಿಳಿತ ಇಲ್ಲ. ದಿನದ ಕಾವು ಕಲ್ಲು ಮಣ್ಣಿನೊಳಗೆ ಒಂದು ಮೀಟರ್ ಆಳಕ್ಕೂ ಸರಿಯಾಗಿ ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಬೇಸಿಗೆಯ ಮಧ್ಯಾಹ್ನವೂ ತಂಪು.

ಇನ್ನು ಏಪ್ರಿಲ್‌ಗೂ ಆಗಸ್ಟ್‌ಗೂ ಇರುವ ಅಂತರ. ಏಪ್ರಿಲ್‌ನಲ್ಲಿ ಆಕಾಶ ಬಹುಪಾಲು ತಿಳಿ, ಮಣ್ಣು ಒಣಗಿರುತ್ತದೆ. ಬಿದ್ದ ಬಿಸಿಲೆಲ್ಲ ನೆಲ ಕಾಯಿಸುವುದಕ್ಕೇ ಹೋಗುತ್ತದೆ. ಕಾದ ಗಾಳಿ ಮೇಲೇರಿ ಸಂಜೆಗೆ ಗುಡುಗು, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲಿನ ಮಳೆಯಾಗುತ್ತದೆ. ಜೂನ್ ಹೊತ್ತಿಗೆ ಪಡುವಣ ಗಾಳಿ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬೀಸುತ್ತದೆ. ಪಶ್ಚಿಮಘಟ್ಟ ಆ ತೇವದ ಬಹುಪಾಲನ್ನು ಮಲೆನಾಡಿನಲ್ಲೇ ಇಳಿಸಿಕೊಳ್ಳುವುದರಿಂದ ಮಳೆಯ ನೆರಳಿನ ಈ ಸೀಮೆಗೆ ಸಿಗುವುದು ಹೆಚ್ಚಾಗಿ ಮೋಡ, ಗಾಳಿ ಮತ್ತು ತುಂತುರು. ಬೆಳೆಗೆ ಸಾಲದ ಆ ಮೋಡವೇ ಬಿಸಿಲನ್ನು ತಡೆಯಲು ಸಾಕು. ನೆಲದಲ್ಲಿ ಒಂದಿಷ್ಟು ತೇವ ಸೇರಿದರಂತೂ ಬಿಸಿಲಿನ ಶಕ್ತಿ ಅದನ್ನು ಆವಿ ಮಾಡುವುದರಲ್ಲಿ ಕಳೆಯುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಬೇಕು.

ತಾಲ್ಲೂಕಿನಿಂದ ತಾಲ್ಲೂಕಿಗಿರುವ ವ್ಯತ್ಯಾಸದ ಹಿಂದೆಯೂ ಇದೇ ಕಾರಣಗಳಿವೆ. ಹಿರಿಯೂರು ಚಿತ್ರದುರ್ಗಕ್ಕಿಂತ ಸುಮಾರು ನೂರು ಮೀಟರ್ ತಗ್ಗು. ಮೇಲೇರಿದಂತೆ ಗಾಳಿ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ತಣಿಯುವ ಲೆಕ್ಕದಲ್ಲಿ ಈ ತಗ್ಗಿನಿಂದ ಅಲ್ಲಿ ಹೆಚ್ಚುವ ಬಿಸಿ ಮುಕ್ಕಾಲು ಡಿಗ್ರಿಯೂ ಆಗದು. ಜೊತೆಗೆ ಮಳೆ ಕಡಿಮೆ, ತಾಲ್ಲೂಕಿನ ಹಲವೆಡೆ ಬಿಸಿಲನ್ನು ಚೆನ್ನಾಗಿ ಹೀರುವ ಎರೆಮಣ್ಣು. ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ, ಹೊಸದುರ್ಗದ ತೆಂಗಿನ ತೋಟಗಳಲ್ಲಿ ಗರಿಗಳೇ ಬಿಸಿಲನ್ನು ತಡೆದು, ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಡುವುದರಿಂದ ಒಳಗಿನ ನೆಲ ಪಕ್ಕದ ಬರಿ ಹೊಲದಷ್ಟು ಕಾಯುವುದಿಲ್ಲ. ಆ ತಂಪಿಗೆ ಬೆಲೆ ತೆರುವುದು ಕೊಳವೆಬಾವಿಯ ನೀರು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಹಿರಿಯೂರಿನ ಬಳಿ ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಇದರ ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟೇ ತೂಕದ ಕಲ್ಲನ್ನು ಕಾಯಿಸುವುದಕ್ಕಿಂತ ನೀರನ್ನು ಕಾಯಿಸಲು ಸುಮಾರು ಐದು ಪಟ್ಟು ಶಾಖ ಬೇಕಾದ್ದರಿಂದ ಇಲ್ಲಿನ ನೀರು ನಿಧಾನ ಕಾದು ನಿಧಾನ ತಣಿಯುತ್ತದೆ. ಆದರೆ ದಂಡೆಯಿಂದ ದೂರ ಹೋದಂತೆ ಇದರ ತಂಪು ಮಾಯ. ಸಮುದ್ರದ ಪ್ರಭಾವವೇ ಬೇರೆ: ಚಿತ್ರದುರ್ಗ ಮಂಗಳೂರಿಗಿಂತ ಏಳುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದರೂ ಏಪ್ರಿಲ್‌ನ ಹಗಲಿನಲ್ಲಿ ಅದಕ್ಕಿಂತ ಬಿಸಿ, ರಾತ್ರಿಯಲ್ಲಿ ಅದಕ್ಕಿಂತ ತಂಪು.

ಚಳಿಗಾಲದ ರಾತ್ರಿಗಳಲ್ಲಿ ಒಣ ಗಾಳಿಯ ಪರಿಣಾಮ ಇನ್ನೂ ನಿಚ್ಚಳ. ನೆಲ ಬಿಡುವ ಅವಕೆಂಪು ಕಿರಣಗಳನ್ನು ತಡೆದು ಮರಳಿಸುವುದು ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೋಡ. ಈ ಅನಿಲಗಳಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ ಸುಮಾರು 15 ಡಿಗ್ರಿಯ ಬದಲು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಜನವರಿಯಲ್ಲಿ ನೀರಾವಿಯೂ ಮೋಡವೂ ಕಡಿಮೆಯಾಗಿ ಕಾವು ಸರಾಗವಾಗಿ ಹೊರಟುಹೋಗುತ್ತದೆ. ಹಗಲು 29 ಡಿಗ್ರಿಯಷ್ಟಿದ್ದರೂ ಬೆಳಗಿನ ಜಾವಕ್ಕೆ 17ರ ಸುಮಾರಿಗೆ ಇಳಿದು, ತಗ್ಗಿನ ಹೊಲಗಳಲ್ಲಿ ಇಬ್ಬನಿ ಕೂರುತ್ತದೆ. ಮೋಡ ಮುಸುಕಿದ ಜುಲೈನಲ್ಲಿ ಹಗಲು ರಾತ್ರಿಗಳ ಅಂತರ ಎಂಟು ಡಿಗ್ರಿಯಷ್ಟೇ.

ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಿಗೂ ಮೂಲಶಕ್ತಿ ಬಿಸಿಲೇ. ನೆಲವೂ ಸಮುದ್ರವೂ ಸಮನಾಗಿ ಕಾಯದ ಕಾರಣ ಒತ್ತಡದಲ್ಲಿ ಏರುಪೇರಾಗಿ ಮುಂಗಾರಿನ ಗಾಳಿ ಎದ್ದು, ಬೆಟ್ಟದ ನೆತ್ತಿಯಲ್ಲಿ ವೇಗ ಪಡೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇವು ಹೆಚ್ಚು ವಿದ್ಯುತ್ ಕೊಡುತ್ತವೆ.

ಮನೆಗಳ ಮಾತು ಬಂದರೆ, ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಬಿಸಿಲಿನ ಗುಣವನ್ನು ಅರಿತು ಕಟ್ಟಿದ್ದು. ದಪ್ಪ ಗೋಡೆ, ಮೇಲೆ ಮಣ್ಣಿನ ದಟ್ಟ ಹೊದಿಕೆ. ಮಧ್ಯಾಹ್ನದ ಕಾವು ಒಳಗಿಳಿಯುವಷ್ಟರಲ್ಲಿ ಹೊರಗೆ ತಂಗಾಳಿ ಬೀಸತೊಡಗಿರುತ್ತದೆ, ಜನ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿರುತ್ತಾರೆ. ತಗಡಿನ ಶೀಟು ನಿಮಿಷಗಳಲ್ಲಿ ಕಾದು ಕೆಳಗಿದ್ದವರ ನೆತ್ತಿ ಸುಡುತ್ತದೆ, ಸಂಜೆಗೆ ಅಷ್ಟೇ ಬೇಗ ಆರುತ್ತದೆ. ಆರ್‌ಸಿಸಿ ತಾರಸಿ ಹಗಲೂ ಕಾಯುತ್ತದೆ, ನಡುರಾತ್ರಿಯವರೆಗೂ ಕಾವು ಬಿಡುತ್ತದೆ. ಅದಕ್ಕೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಆಕಾಶಕ್ಕೇ ಮರಳಿ, ಒಳಗಿನ ಸೆಕೆ ತಗ್ಗುತ್ತದೆ.