ಲೆಕ್ಕ ಒಪ್ಪಿಸಿದ ನಾಯಕರು



ಮೈಸೂರಿನ ವಿಜಯನಗರದಲ್ಲಿ ಬಾಳುತ್ತಿರುವವರಿಗೆ 'ನಿವೇಶನ' ಎಂಬ ಪದದ ತೂಕ ಚೆನ್ನಾಗಿ ಗೊತ್ತು. ಅರ್ಜಿ ಹಾಕಿ, ಠೇವಣಿ ಕಟ್ಟಿ, ಹಂಚಿಕೆಯ ಪತ್ರಕ್ಕಾಗಿ ವರ್ಷಗಟ್ಟಲೆ ಕಾದು, ನಿವೃತ್ತಿಯ ಹಣದಲ್ಲಿ ಮನೆ ಕಟ್ಟಿಸಿದ ಎಷ್ಟೋ ಕುಟುಂಬಗಳು ಇಲ್ಲಿವೆ. 2024ರಲ್ಲಿ ಈ ಬಡಾವಣೆಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ರಾರಾಜಿಸಿತು. ಆಗ ಮುಖ್ಯಮಂತ್ರಿಯಾಗಿದ್ದ ಶ್ರೀ ಸಿದ್ದರಾಮಯ್ಯನವರ ಪತ್ನಿಗೆ, ಕೆಸರೆ ಗ್ರಾಮದ ಜಮೀನಿಗೆ ಬದಲಾಗಿ ವಿಜಯನಗರದಲ್ಲಿ 14 ನಿವೇಶನಗಳನ್ನು ನಗರಾಭಿವೃದ್ಧಿ ಪ್ರಾಧಿಕಾರ ಕೊಟ್ಟಿದ್ದುದು ವಿವಾದವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ನಿವೇಶನಗಳನ್ನು ಹಿಂದಿರುಗಿಸಲಾಯಿತು. ಆರೋಪಕ್ಕೆ ತಕ್ಕ ಸಾಕ್ಷ್ಯಾಧಾರ ಇಲ್ಲವೆಂದು ಲೋಕಾಯುಕ್ತ ಪೊಲೀಸರು 2025ರ ಫೆಬ್ರವರಿಯಲ್ಲಿ ವರದಿ ಕೊಟ್ಟರು.

ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನ್ಯಾಯಪೀಠಗಳ ಹೊಣೆ. ಒಬ್ಬ ಗುರುವಿನ ಲೇಖನಿಗೆ ಆ ಅಧಿಕಾರವಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ, ದೇವಾಲಯದ ಅಂಗಳದಲ್ಲಿ ಮತ್ತೆ ಮತ್ತೆ ಕೇಳಿಬಂದ ಒಂದು ಮಾತು ನನ್ನನ್ನು ಕಾಡಿತು: "ರಾಜಕೀಯ ಎಂದರೆ ಇಷ್ಟೇ ಫಾದರ್, ಯಾರು ಬಂದರೂ ಒಂದೇ." ಪಕ್ಷಭೇದವಿಲ್ಲದೆ ಎಲ್ಲರೂ ಆಡಿದ ಮಾತಿದು. ಈ ನಾಡಿನ ಚರಿತ್ರೆ ಬಲ್ಲವರು ಇದನ್ನು ಸುಲಭವಾಗಿ ಒಪ್ಪಲಾರರು.

ಮೊದಲು ಒಂದು ಚಿಕ್ಕ ಸಂಗತಿ. ನಿವೇಶನ ಹಂಚುವ ಈ ಸಂಸ್ಥೆ ಹುಟ್ಟಿದ್ದು ವ್ಯಾಪಾರಕ್ಕಾಗಿ ಅಲ್ಲ. 1898ರಲ್ಲಿ ಕಾಲಿಟ್ಟ ಪ್ಲೇಗ್ ಮಾರಿ ಮೈಸೂರಿನ ಇಕ್ಕಟ್ಟಾದ ಕೇರಿಗಳನ್ನು ಹಿಂಡಿಹಾಕಿತ್ತು. ಗಾಳಿ ಬೆಳಕಿರುವ ಬಡಾವಣೆಗಳನ್ನು ನಿರ್ಮಿಸಲು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ರೂಪುಗೊಂಡಿತು. ಹಳಬರ ಬಾಯಲ್ಲಿ ಅದು 'ಟ್ರಸ್ಟ್ ಬೋರ್ಡ್'. ಟ್ರಸ್ಟ್ ಎಂದರೆ ನಂಬಿಕೆ, ನಂಬಿ ಒಪ್ಪಿಸಿದ ಆಸ್ತಿ. 1988ರಲ್ಲಿ ಅದರ ಸ್ಥಾನಕ್ಕೆ 'ಪ್ರಾಧಿಕಾರ' ಬಂದಿತು. ಹೆಸರಿನಲ್ಲಿದ್ದ ನಂಬಿಕೆ ಹೋಗಿ ಅಧಿಕಾರ ಬಂದದ್ದು ಕೇವಲ ಕಾನೂನಿನ ಭಾಷೆಯಿಂದಾದ ಬದಲಾವಣೆ. ಆದರೂ ಯೋಚಿಸುವಂತಿದೆ, ಅಲ್ಲವೇ?

ಆ ಟ್ರಸ್ಟ್ ಬೋರ್ಡಿಗಿಂತ ಎರಡು ದಶಕ ಹಿಂದಕ್ಕೆ, 1881ನೇ ಇಸವಿಗೆ, ನಿಮ್ಮನ್ನು ಕರೆದೊಯ್ಯುತ್ತೇನೆ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ನಂತರ, ಆ ವರ್ಷದ ಮಾರ್ಚ್ 25ರಂದು ಮೈಸೂರು ಸಂಸ್ಥಾನ ಮತ್ತೆ ಒಡೆಯರ ಮನೆತನಕ್ಕೆ ಬಂದಿತು. ಬಂದದ್ದಾದರೂ ಎಂತಹ ಸಂಸ್ಥಾನ! 1876ರಿಂದ 78ರವರೆಗಿನ ಭೀಕರ ಕ್ಷಾಮ ಊರೂರನ್ನೇ ಬರಿದುಮಾಡಿತ್ತು. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಬೊಕ್ಕಸದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವಿತ್ತು. ಈ ಭಾರವನ್ನು ಹೆಗಲಿಗೇರಿಸಿಕೊಂಡವರು ದಿವಾನ್ ಸಿ. ರಂಗಾಚಾರ್ಲು.

ಹೊಸ ದಿವಾನರು ಮೊದಲು ಕತ್ತರಿ ಹಾಕಿದ್ದು ಸರ್ಕಾರದ ಖರ್ಚಿಗೆ. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ಉಪವಿಭಾಗಗಳಾಗಿ ಇಳಿಸಿದರು, ಹುದ್ದೆಗಳನ್ನು ಕಡಿಮೆ ಮಾಡಿದರು. ಇಷ್ಟರ ನಡುವೆಯೂ ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ ನಿಲ್ಲಲಿಲ್ಲ. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಇದೆಲ್ಲ ದಕ್ಷ ಆಡಳಿತಗಾರನ ಕೆಲಸ. ಅವರನ್ನು ನಾನಿಲ್ಲಿ ನೆನೆಯುವುದು ಬೇರೊಂದು ಕಾರಣಕ್ಕಾಗಿ.

1881ರ ಆಗಸ್ಟ್ 25ರಂದು ಒಂದು ಆಜ್ಞೆ ಹೊರಟಿತು: ಪ್ರತಿವರ್ಷ ದಸರೆಯ ಸಮಯದಲ್ಲಿ ತಾಲ್ಲೂಕುಗಳಿಂದ ರೈತರೂ ವರ್ತಕರೂ ಮೈಸೂರಿಗೆ ಬರಬೇಕು, ಕಳೆದ ವರ್ಷ ಸರ್ಕಾರ ಏನು ಮಾಡಿತು, ಮುಂದೇನು ಮಾಡಲಿದೆ ಎಂಬುದನ್ನು ಅವರ ಮುಂದೆ ಇಡಲಾಗುವುದು, ಅವರು ತಮ್ಮ ಕುಂದುಕೊರತೆಗಳನ್ನು ಹೇಳಬಹುದು. ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳು ಸೇರಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷ ಬಾಕಿಯಿತ್ತು ಎಂಬುದನ್ನು ಗಮನಿಸಿ.

ಆ ದೃಶ್ಯವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ದಸರೆಯೆಂದರೆ ಪ್ರಜೆ ರಾಜನ ಮುಂದೆ ತಲೆಬಾಗಿ ನಿಲ್ಲುವ ಹಬ್ಬ. ಅದೇ ಹಬ್ಬದಲ್ಲಿ ದಿವಾನರು ಪ್ರಜೆಗಳ ಮುಂದೆ ನಿಂತು, ಬಂದ ಹಣವಿಷ್ಟು, ಹೋದ ಹಣವಿಷ್ಟು, ಸಾಲವಿಷ್ಟು ಎಂದು ಓದಿ ಹೇಳಿದರು. ಅಷ್ಟೊಂದು ಸಾಲ ಹೊತ್ತ ಸರ್ಕಾರಕ್ಕೆ ತನ್ನ ಲೆಕ್ಕವನ್ನು ಮುಚ್ಚಿಡುವುದು ಸುಲಭವಿತ್ತು, ಕೇಳುವ ಹಕ್ಕೂ ಯಾರಿಗೂ ಇರಲಿಲ್ಲ. ಕೇಳದಿದ್ದರೂ ಹೇಳಿದ್ದು ರಂಗಾಚಾರ್ಲು ಅವರ ದೊಡ್ಡತನ. ಎರಡು ಅಧಿವೇಶನಗಳನ್ನಷ್ಟೇ ನೋಡಿ ಅವರು 1883ರ ಜನವರಿ 20ರಂದು ತೀರಿಕೊಂಡರು. ಸಭೆ ಮಾತ್ರ 1949ರವರೆಗೂ ಬಾಳಿತು. ಮೈಸೂರಿನ ಪುರಭವನಕ್ಕೆ ಅವರ ಹೆಸರೇ ಇದೆ. ಅದರ ಮುಂದೆ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿ ಆ ಹೆಸರನ್ನು ಓದಿದ್ದಾರೋ!

ನಮ್ಮ ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ವಿಷಯವೂ ತಿಳಿದಿರಲಿ. ರಂಗಾಚಾರ್ಲು ಅವರ ಕಾಲದ ಆಡಳಿತ ಮಂಡಲಿಯಲ್ಲಿ ಟಿ.ಆರ್.ಎ. ತಂಬುಚೆಟ್ಟಿ ಎಂಬ ಕಥೋಲಿಕ ವಿಶ್ವಾಸಿಯೂ ಇದ್ದರು. ನ್ಯಾಯಾಧೀಶರಾಗಿ ಹೆಸರು ಮಾಡಿದ ಅವರು ಮುಂದೆ ಹಲವು ಬಾರಿ ಹಂಗಾಮಿ ದಿವಾನರೂ ಆದರು. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿ 1926ರಲ್ಲಿ ಸಂತ ಫಿಲೋಮಿನಾರ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿಕೊಂಡವರು ಅದೇ ಮನೆತನದ ಸರ್ ಟಿ. ತಂಬುಚೆಟ್ಟಿ. ರಾಜಕಾರಣವೆಂದರೆ ಮೈಲಿಗೆ ಎಂದು ದೂರ ಸರಿಯುವ ನಮ್ಮವರು ಈ ಹಿರಿಯರನ್ನು ಒಮ್ಮೆ ನೆನೆಯಬೇಕು.

ಪವಿತ್ರ ಬೈಬಲ್‌ನಲ್ಲಿ, ಸಮುವೇಲನ ಮೊದಲನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಮತ್ತೆ ತೆರೆದು ನೋಡಿ. ತಲೆ ನರೆತ ಸಮುವೇಲ ಅಧಿಕಾರವನ್ನು ಅರಸನಿಗೆ ಬಿಟ್ಟುಕೊಡುವ ಹೊತ್ತಿನಲ್ಲಿ ಜನರನ್ನೆಲ್ಲ ಸೇರಿಸಿ, ತಾನು ಯಾರ ಎತ್ತನ್ನಾದರೂ ಕಿತ್ತುಕೊಂಡೆನೇ, ಯಾರಿಂದಲಾದರೂ ಲಂಚ ಪಡೆದೆನೇ ಎಂದು ಕೇಳುತ್ತಾನೆ. ಪಡೆದಿದ್ದರೆ ಹಿಂದಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಅದೇ ಸಮುವೇಲನ ಮಕ್ಕಳು ಲಂಚಕೋರರಾಗಿದ್ದರೆಂದು ಆ ಗ್ರಂಥದ ಎಂಟನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳಿದೆ. ಶುದ್ಧಹಸ್ತದ ನಾಯಕನಿಗೂ ಮನೆಯೊಳಗಿನಿಂದಲೇ ಕಳಂಕ ಬರಬಹುದು.

ಬಹುಶಃ ಇದನ್ನು ಚೆನ್ನಾಗಿ ಅರಿತಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮುನ್ನ ಬಂಧುಬಳಗವನ್ನು ಊಟಕ್ಕೆ ಕರೆದು, ತಮ್ಮ ಬಳಿ ಯಾರೂ ಶಿಫಾರಸಿಗೆ ಬರಕೂಡದೆಂಬ ಷರತ್ತು ಹಾಕಿದರೆಂಬುದು ನಾಡಿನಲ್ಲಿ ಮನೆಮಾತು. ಆದರೆ ಪ್ರಾಮಾಣಿಕತೆಯೊಂದೇ ಎಲ್ಲವೂ ಅಲ್ಲ. ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಅದನ್ನೊಪ್ಪದೆ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ನಂಬಿದ್ದಕ್ಕಾಗಿ ಅಧಿಕಾರ ತ್ಯಜಿಸಿದ್ದು ಗೌರವಾರ್ಹ. ಆದರೂ ಆ ವಿಷಯದಲ್ಲಿ ನ್ಯಾಯ ಮಹಾರಾಜರ ಕಡೆಗಿತ್ತೆಂದೇ ನನ್ನ ಭಾವನೆ.

ಇದೇ ಕೊರತೆ ಪ್ರಜಾಪ್ರತಿನಿಧಿ ಸಭೆಗೂ ಇತ್ತು. ಅಲ್ಲಿ ಕುಳಿತವರು ಜಮೀನಿದ್ದವರು, ವ್ಯಾಪಾರವಿದ್ದವರು. ಪರರ ಹೊಲ ಉಳುವ ಗೇಣಿದಾರನ ಲೆಕ್ಕ ಕೇಳುವವರು ಯಾರು? ಉತ್ತರ ದೊರಕಲು 70 ವರ್ಷ ಕಾಯಬೇಕಾಯಿತು.

1951ರಲ್ಲಿ ಶಿವಮೊಗ್ಗ ಜಿಲ್ಲೆ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹಕ್ಕೆ ಇಳಿದರು. ಜಗಳದ ಮೂಲ ಒಂದು ಕೊಳಗ. ಭತ್ತವನ್ನು ಗೇಣಿಯಾಗಿ ಅಳೆದು ಕೊಡುವಾಗ ಒಡೆಯರು ಬಳಸುತ್ತಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದಾಗಿತ್ತು. ವರ್ಷವಿಡೀ ದುಡಿದವನು ಪ್ರತಿ ಅಳತೆಯಲ್ಲೂ ಒಂದಿಷ್ಟು ಕಳೆದುಕೊಳ್ಳುತ್ತಿದ್ದ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ತರುಣನೊಬ್ಬ ನಾಡಿನ ಕಣ್ಣಿಗೆ ಬಿದ್ದ. ಅವರೇ ಶಾಂತವೇರಿ ಗೋಪಾಲಗೌಡರು.

ಮರುವರ್ಷವೇ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಜೇಬಿನಲ್ಲಿ ಹಣವಿಲ್ಲದ ಗೋಪಾಲಗೌಡರು ಸೋಷಲಿಸ್ಟ್ ಪಕ್ಷದ ಅಭ್ಯರ್ಥಿ. ಜನರೆದುರು ಅವರಿಟ್ಟ ಬೇಡಿಕೆ ಇಂದಿಗೂ ಪ್ರಸಿದ್ಧ: ಒಂದು ಓಟು, ಒಂದು ನೋಟು. ಮತವನ್ನೂ ಕೊಡಿ, ಚುನಾವಣೆಯ ಖರ್ಚಿಗೆ ಒಂದು ರೂಪಾಯಿಯನ್ನೂ ಕೊಡಿ ಎಂದು ಕೇಳಿದರು. ಜನ ಎರಡನ್ನೂ ಕೊಟ್ಟು ಗೆಲ್ಲಿಸಿದರು. ಇದನ್ನು ಬಡ ಅಭ್ಯರ್ಥಿಯ ಉಪಾಯವೆಂದಷ್ಟೇ ತಿಳಿದರೆ ಅದರ ಆಳ ಕಾಣುವುದಿಲ್ಲ. ರೂಪಾಯಿ ಕೊಟ್ಟ ಕೂಲಿಕಾರನಿಗೆ ಶಾಸಕನನ್ನು ತಡೆದು ನಿಲ್ಲಿಸಿ, "ನನ್ನ ಹಣ ಏನಾಯಿತು?" ಎಂದು ಕೇಳುವ ಅಧಿಕಾರವಿತ್ತು. ರಂಗಾಚಾರ್ಲು ಮೇಲಿನಿಂದ ಇಳಿದು ಬಂದು ಒಪ್ಪಿಸಿದ ಲೆಕ್ಕವನ್ನು ಇಲ್ಲಿ ಕೆಳಗಿನಿಂದ ಜನರೇ ಕೇಳುವಂತಾಯಿತು.

ಗೋಪಾಲಗೌಡರು 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಸಿಟ್ಟಿನ ಮನುಷ್ಯ, ಮಾತಿನಲ್ಲಿ ನಿಷ್ಠುರ. ಅವರನ್ನು ಸಂತನನ್ನಾಗಿ ಮಾಡುವ ಅಗತ್ಯ ನಮಗಿಲ್ಲ. ಉಳುವವನಿಗೆ ಭೂಮಿ ಸಿಗಬೇಕೆಂದೂ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕೆಂದೂ ವಿಧಾನಸಭೆಯಲ್ಲಿ ವಾದಿಸಿದರು. ಅವರು 1972ರ ಜೂನ್ 9ರಂದು, 49ರ ವಯಸ್ಸಿನಲ್ಲಿ, ರೋಗದಿಂದ ಬಳಲಿ ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಆ ಹೆಸರು ಬಂದಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅವರು ಎರಡನ್ನೂ ಕಾಣಲಿಲ್ಲ. ಮೈಸೂರಿನಲ್ಲಿ ಅವರ ಹೆಸರಿನ ಆಸ್ಪತ್ರೆಯೊಂದಿದೆ.

ಈಗ ಆ ಓಟು–ನೋಟಿನ ದಿಕ್ಕು ತಿರುಗಿದೆ. ಅಭ್ಯರ್ಥಿಯೇ ನೋಟು ಹಿಡಿದು ನಮ್ಮ ಬಾಗಿಲಿಗೆ ಬರುತ್ತಾನೆ. ಕೆಲವೊಮ್ಮೆ ನೋಟಿನ ಬದಲು ಕುಕ್ಕರು, ಸೀರೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಲ್ಲಿ ನಿಗದಿಯಾದ ಮಿತಿ 40 ಲಕ್ಷ ರೂಪಾಯಿ. ಆ ಮಿತಿ ಎಷ್ಟು ಪಾಲನೆಯಾಗುತ್ತಿದೆಯೆಂದು ನಿಮಗೇ ಗೊತ್ತು. ಲಕೋಟೆಯನ್ನು ಪಡೆದುಕೊಂಡ ಮನೆ ಯಾವ ಬಾಯಿಂದ ಮುಂದಿನ ಐದು ವರ್ಷ ಲೆಕ್ಕ ಕೇಳೀತು? ಕೊಟ್ಟವನು ತನ್ನ ಬಂಡವಾಳ ತೀರಿತೆಂದುಕೊಳ್ಳುತ್ತಾನೆ. "ಯಾರು ಬಂದರೂ ಒಂದೇ" ಎಂಬ ಮಾತು ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ, ನಮ್ಮ ಹೊಸ್ತಿಲಲ್ಲೇ. ಕ್ರೈಸ್ತರ ಹೊಸ್ತಿಲು ಇದಕ್ಕೆ ಹೊರತೆಂದು ನಾನು ಹೇಳಲಾರೆ.

ಕೇಳುವ ದಾರಿಗಳಾದರೋ ಹಿಂದೆಂದಿಗಿಂತ ಹೆಚ್ಚಾಗಿವೆ. 1881ರ ಆ 144 ಮಂದಿಗೆ ಇಲ್ಲದ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯಿದೆ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. ತನ್ನ, ತನ್ನ ಬಾಳಸಂಗಾತಿಯ, ಅವಲಂಬಿತರ ಆಸ್ತಿ, ಸಾಲ, ಬಾಕಿಯಿರುವ ಮೊಕದ್ದಮೆಗಳು ಅದರಲ್ಲಿರಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಐದು ನಿಮಿಷದಲ್ಲಿ ತೆಗೆದು ತೋರಿಸುತ್ತಾರೆ. ಸ್ಥಿರಾಸ್ತಿಯ ಭಾಗದಲ್ಲಿ ಒಂದೊಂದು ಜಮೀನಿಗೂ, ಒಂದೊಂದು ನಿವೇಶನಕ್ಕೂ ಕೇಳಿರುವ ವಿವರಗಳು ಹೀಗಿವೆ: ಎಲ್ಲಿದೆ, ಎಷ್ಟು ಅಳತೆ, ಪಿತ್ರಾರ್ಜಿತವೋ ಅಲ್ಲವೋ, ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು, ಇಂದು ಎಷ್ಟು ಬೆಲೆ.